ಎದುರಿಗೆ ಬಂದವರನ್ನು ಕೇಳಿ: ನೆಟ್‌ವರ್ಕಿನಲ್ಲಿ ದಾರಿ ಹುಡುಕುವ ಇರುವೆಗಳು

(ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಗೂ ಪೇಟೆಗೂ ನಡುವೆ ಒಂದು ಹಳ್ಳ ಇತ್ತು. ಮಳೆಗಾಲದಲ್ಲಿ ಅದು ಯಾವ ಹೊತ್ತಿಗೆ ಏರುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ ಎಂದು ಹೇಳುವ ಹಾಗೇ ಇರಲಿಲ್ಲ. ಮೇಲೆ ಘಟ್ಟದಲ್ಲಿ ಮಳೆ ಸುರಿದರೆ ನಮ್ಮಲ್ಲಿ ಬಿಸಿಲಿದ್ದರೂ ಹಳ್ಳ ತುಂಬಿ ಬರುತ್ತಿತ್ತು. ನೇರವಾಗಿ ಹಳ್ಳ ದಾಟಿದರೆ ಪೇಟೆಗೆ ಅರ್ಧ ಗಂಟೆ. ಮೇಲಿನ ಕಾಲುಸಂಕದಲ್ಲಿ ಸುತ್ತಿ ಹೋದರೆ ಒಂದು ಗಂಟೆಯ ಮೇಲೆ. ಅಪ್ಪ ಮನೆಯಿಂದ ಹೊರಡುವಾಗ ಯಾವ ದಾರಿ ಎಂದು ತೀರ್ಮಾನ ಮಾಡುತ್ತಿರಲಿಲ್ಲ. ದಾರಿ ಕವಲೊಡೆಯುವ ಜಾಗಕ್ಕೆ ಬಂದು, ಎದುರಿನಿಂದ ಯಾರಾದರೂ ಬರುತ್ತಾರಾ ಎಂದು ನಿಂತು ನೋಡುತ್ತಿದ್ದರು. ಯಾರಾದರೂ ಕಂಡರೆ, "ಎಂಥ ಮಾರಾಯ್ರೆ, ಹಳ್ಳ ದಾಟ್ಲಿಕ್ಕೆ ಆಗ್ತದಾ?" ಎಂದು ಕೇಳುತ್ತಿದ್ದರು. ಎಷ್ಟೋ ಸಲ ಕೇಳುವ ಅಗತ್ಯವೂ ಬೀಳುತ್ತಿರಲಿಲ್ಲ. ಬಂದವರ ಪಂಚೆ ಮೊಣಕಾಲಿನವರೆಗೆ ಒದ್ದೆಯಾಗಿದ್ದರೆ ದಾಟಬಹುದು. ಸೊಂಟದವರೆಗೆ ಒದ್ದೆಯಾಗಿದ್ದರೆ ಸಂಕದ ದಾರಿ.

ಇವತ್ತು ನಾನು ಮಾತಾಡಬೇಕಾದ ವಿಷಯ ಕಂಪ್ಯೂಟರ್ ನೆಟ್‌ವರ್ಕುಗಳಲ್ಲಿ ದಾರಿ ಹುಡುಕಲು ಓಡಾಡುವ ಸಾಫ್ಟ್‌ವೇರ್ ಏಜೆಂಟುಗಳನ್ನು ಬಳಸುವುದರ ಬಗ್ಗೆ. ಹೆಸರು ಕೇಳಿದರೆ ಕಠಿಣ ಅನ್ನಿಸಬಹುದು. ಆದರೆ ಆ ಕವಲು, ಆ ಒದ್ದೆ ಪಂಚೆ, ಇವೆರಡನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ನೀವು ಮೊಬೈಲಿನಿಂದ ಕಳಿಸುವ ಒಂದು ಫೋಟೊ ಸಾವಿರಾರು ಪ್ಯಾಕೆಟ್ಟುಗಳಾಗಿ ಒಡೆದು ಹೊರಡುತ್ತದೆ. ಪ್ರತಿ ಪ್ಯಾಕೆಟ್ಟಿನ ಮೇಲೆ ಸೇರಬೇಕಾದ ವಿಳಾಸ ಇರುತ್ತದೆ, ಹೋಗಬೇಕಾದ ದಾರಿ ಇರುವುದಿಲ್ಲ. ದಾರಿ ಹೇಳುವವರು ಕವಲು ಕವಲಿನಲ್ಲಿ ನಿಂತಿರುವ ರೂಟರುಗಳು. ಪ್ರತಿ ರೂಟರಿನ ಹತ್ತಿರವೂ ಒಂದು ಟೇಬಲ್ ಇರುತ್ತದೆ: ಇಂಥ ವಿಳಾಸಕ್ಕಾದರೆ ಈ ಕಡೆಯ ಲೈನು, ಅಂಥದಕ್ಕಾದರೆ ಆ ಕಡೆಯದು. ಪ್ಯಾಕೆಟ್ ಬಂದಾಗ ಟೇಬಲ್ ನೋಡುವುದು, ಕಳಿಸುವುದು, ಅಷ್ಟೇ ಕೆಲಸ. ಕಷ್ಟ ಇರುವುದು ಆ ಟೇಬಲ್ಲನ್ನು ಬರೆಯುವುದರಲ್ಲಿ. ಯಾರು ಬರೆಯಬೇಕು? ಯಾರ ಮಾತು ಕೇಳಿ ಬರೆಯಬೇಕು?

ಹಳೆಯ ಒಂದು ಪದ್ಧತಿ ಅಕ್ಕಪಕ್ಕದವರ ಮಾತು ನಂಬುವುದು. ರಿಪ್ ಎನ್ನುವ ಪ್ರೋಟೋಕಾಲಿನಲ್ಲಿ, ಅಂದರೆ ರೂಟರುಗಳು ಮಾತಾಡಿಕೊಳ್ಳುವ ಒಂದು ನಿಯಮದಲ್ಲಿ, ಪ್ರತಿ ರೂಟರೂ 30 ಸೆಕೆಂಡಿಗೊಮ್ಮೆ ತನ್ನ ಟೇಬಲ್ಲನ್ನು ಪಕ್ಕದವರಿಗೆ ಒಪ್ಪಿಸುತ್ತದೆ. "ಆ ಊರು ನನ್ನಿಂದ ಮೂರು ಹೆಜ್ಜೆ" ಎಂದು ಪಕ್ಕದವನು ಹೇಳಿದರೆ, ನನ್ನಿಂದ ನಾಲ್ಕು ಎಂದು ನಾನು ಬರೆದುಕೊಳ್ಳುತ್ತೇನೆ. ಊರಿನ ಲೈನು ಕಡಿದು ಬಿದ್ದಾಗ ಇದರ ತೊಂದರೆ ಗೊತ್ತಾಗುತ್ತದೆ. ನಾನು ಅವನನ್ನು ನಂಬಿ, ಅವನು ನನ್ನನ್ನು ನಂಬಿ, ನಾಲ್ಕು, ಐದು, ಆರು ಎಂದು ಇಬ್ಬರೂ ಲೆಕ್ಕ ಏರಿಸುತ್ತ ಹೋಗುತ್ತೇವೆ. ಅದಕ್ಕೇ 15 ಹೆಜ್ಜೆಗೆ ಮಿತಿ ಹಾಕಿದ್ದಾರೆ. 16 ಎಂದರೆ ಅಲ್ಲಿಗೆ ದಾರಿಯೇ ಇಲ್ಲ ಎಂದು ಅರ್ಥ.

ಇನ್ನೊಂದು ಪದ್ಧತಿ ಎಲ್ಲರೂ ಇಡೀ ನಕ್ಷೆ ಇಟ್ಟುಕೊಳ್ಳುವುದು. ಓಎಸ್‌ಪಿಎಫ್ ಎನ್ನುವ ಪ್ರೋಟೋಕಾಲ್ ಮಾಡುವುದು ಇದನ್ನೇ. ಪ್ರತಿ ರೂಟರೂ ತನಗೆ ಅಂಟಿಕೊಂಡ ಲೈನುಗಳ ವಿವರವನ್ನು ಎಲ್ಲರಿಗೂ ಸಾರುತ್ತದೆ. ಎಲ್ಲರ ಹತ್ತಿರವೂ ಒಂದೇ ನಕ್ಷೆ ತಯಾರಾಗುತ್ತದೆ. ಅದರ ಮೇಲೆ ಪ್ರತಿಯೊಬ್ಬರೂ ನೆದರ್‌ಲ್ಯಾಂಡ್ಸಿನ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಅವರ ಲೆಕ್ಕ ಹಾಕಿ ಕಡಿಮೆ ದೂರದ ದಾರಿ ಹುಡುಕಿಕೊಳ್ಳುತ್ತಾರೆ. ಡೈಕ್‌ಸ್ಟ್ರಾ ಆ ಲೆಕ್ಕವನ್ನು 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಕಾಫಿ ಅಂಗಡಿಯಲ್ಲಿ ಕೂತು ಇಪ್ಪತ್ತು ನಿಮಿಷದಲ್ಲಿ ಯೋಚಿಸಿದರಂತೆ. ಇವತ್ತಿಗೂ ಜಗತ್ತಿನ ನೆಟ್‌ವರ್ಕುಗಳು ಅದರ ಮೇಲೆ ನಿಂತಿವೆ. ಅದರ ಬಗ್ಗೆ ನನಗೆ ಅಪಾರ ಗೌರವ.

ಆದರೆ ನಕ್ಷೆಯಲ್ಲಿ ಹಳ್ಳ ಇರುತ್ತದೆ, ಹಳ್ಳದ ನೀರು ಇರುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಸ್ಥೆಯ ಎರಡು ಊರಿನ ಕಚೇರಿಗಳ ನಡುವೆ ಎರಡು ಲೈನುಗಳಿದ್ದವು. ಒಂದರ ಕಾಸ್ಟ್, ಅಂದರೆ ದೂರದ ಲೆಕ್ಕಕ್ಕೆಂದು ಲೈನಿಗೆ ನಾವು ಕೊಟ್ಟಿರುವ ಸಂಖ್ಯೆ, ಇನ್ನೊಂದಕ್ಕಿಂತ ಸ್ವಲ್ಪವೇ ಕಡಿಮೆ. ತಿಂಗಳ ಕೊನೆಯಲ್ಲಿ ಲೆಕ್ಕಪತ್ರ ಮುಗಿಸುವ ರಾತ್ರಿ, ಕಾಸ್ಟ್ ಕಡಿಮೆ ಇದ್ದ ಲೈನು ಉಸಿರುಕಟ್ಟುವಷ್ಟು ತುಂಬಿತ್ತು. ಪಕ್ಕದ ಲೈನು ಖಾಲಿ ಬಿದ್ದಿತ್ತು. ರೂಟರಿಗೆ ಅದು ಕಾಣುವುದೇ ಇಲ್ಲ. ಲೈನು ಬದುಕಿದೆ, ಕಾಸ್ಟ್ ಬದಲಾಗಿಲ್ಲ, ಅದಕ್ಕೆ ಬೇಕಾದದ್ದು ಅಷ್ಟೇ. ನಾನು ಕೈಯಿಂದ ಕಾಸ್ಟ್ ಬದಲಿಸಿದೆ. ಒಂದೆರಡು ಕ್ಷಣದಲ್ಲಿ ಇಡೀ ಭಾರ ಆ ಕಡೆಗೆ ಹಾರಿತು. ಈಗ ಅದು ತುಂಬಿತು, ಇದು ಖಾಲಿಯಾಯಿತು. ರಾತ್ರಿ ಎರಡು ಗಂಟೆಯವರೆಗೆ ಆ ತುದಿಯಿಂದ ಈ ತುದಿಗೆ ತಳ್ಳುತ್ತ ಕೂತಿದ್ದೆ. ಈ ವಿಷಯದ ಬೆನ್ನು ಹತ್ತಿದ್ದು ಆ ರಾತ್ರಿಯಿಂದ.

ಹಾಗಾದರೆ ಲೈನಿನ ಭಾರವನ್ನೇ ಅಳೆದು ಎಲ್ಲರಿಗೂ ಸಾರಿದರೆ ಆಗದೆ? ಇದನ್ನು ಮಾಡಿ ನೋಡಿದ್ದಾರೆ. ಇಂಟರ್‌ನೆಟ್ಟಿನ ಅಜ್ಜ ಆರ್ಪಾನೆಟ್ 1969ರಲ್ಲಿ ಶುರುವಾದಾಗ, ಅದರ ರೂಟರುಗಳು ಸೆಕೆಂಡಿನ ಮೂರನೇ ಎರಡು ಭಾಗಕ್ಕೊಮ್ಮೆ ಪಕ್ಕದವರಿಗೆ ಟೇಬಲ್ ಕೊಡುತ್ತಿದ್ದವು. ಆ ಗಳಿಗೆಯಲ್ಲಿ ಕ್ಯೂ ಎಷ್ಟು ಉದ್ದ ಇದೆ ಎಂಬುದೇ ಅವುಗಳ ಅಳತೆ. 1979ರಲ್ಲಿ ಪದ್ಧತಿ ಬದಲಿಸಿ, 10 ಸೆಕೆಂಡಿನ ಸರಾಸರಿ ವಿಳಂಬವನ್ನು ಅಳೆದು ಇಡೀ ನೆಟ್‌ವರ್ಕಿಗೆ ಸಾರತೊಡಗಿದರು. ಭಾರ ಕಡಿಮೆ ಇದ್ದಾಗ ಚೆನ್ನಾಗಿ ನಡೆಯಿತು. ಭಾರ ಹೆಚ್ಚಾದಾಗ ನನ್ನ ರಾತ್ರಿಯ ಕತೆಯೇ ಅಲ್ಲೂ ನಡೆಯಿತು. ಉತ್ತರದ ಲೈನು ನಿಧಾನ ಎಂಬ ಸುದ್ದಿ ಎಲ್ಲರಿಗೂ ಒಟ್ಟಿಗೆ ಮುಟ್ಟುತ್ತದೆ, ಎಲ್ಲರೂ ಒಟ್ಟಿಗೆ ದಕ್ಷಿಣಕ್ಕೆ ನುಗ್ಗುತ್ತಾರೆ. ಮುಂದಿನ ಸುದ್ದಿ ಬಂದಾಗ ಎಲ್ಲರೂ ಮತ್ತೆ ಉತ್ತರಕ್ಕೆ. 1987ರಲ್ಲಿ ಅಳತೆಯ ಸೂತ್ರವನ್ನೇ ತಿದ್ದಿ ಈ ತೂಗಾಟವನ್ನು ಹದ್ದುಬಸ್ತಿಗೆ ತರಬೇಕಾಯಿತು.

ಅದೇ ಆರ್ಪಾನೆಟ್ಟಿನ ಇನ್ನೊಂದು ಘಟನೆಯನ್ನು ನಾನು ಎಲ್ಲಿ ಮಾತಾಡಿದರೂ ಹೇಳುತ್ತೇನೆ. 1980ರ ಅಕ್ಟೋಬರ್ 27ರಂದು ಇಡೀ ನೆಟ್‌ವರ್ಕ್ ಹಲವು ಗಂಟೆಗಳ ಕಾಲ ಕೆಲಸಕ್ಕೆ ಬಾರದಂತಾಯಿತು. ರೂಟರುಗಳು ಸಾರುವ ಪ್ರತಿ ಸುದ್ದಿಗೂ ಒಂದು ಕ್ರಮಸಂಖ್ಯೆ ಇರುತ್ತಿತ್ತು, 0ಯಿಂದ 63ರವರೆಗೆ, ಗಡಿಯಾರದ ಮುಳ್ಳಿನ ಹಾಗೆ ಸುತ್ತುವ ಸಂಖ್ಯೆ. ಹೊಸದು ಬಂದರೆ ಹಳೆಯದನ್ನು ಬಿಡಬೇಕು. ಆ ದಿನ ಹಾರ್ಡ್‌ವೇರಿನಲ್ಲಿ ಕೆಲವು ಬಿಟ್‌ಗಳು ಬಿದ್ದುಹೋಗಿ, ಒಂದೇ ರೂಟರಿನ ಹೆಸರಿನಲ್ಲಿ 8, 40, 44 ಎಂಬ ಮೂರು ಸಂಖ್ಯೆಗಳ ಸುದ್ದಿ ಒಟ್ಟಿಗೆ ತಿರುಗತೊಡಗಿತು. ಸುತ್ತುವ ಲೆಕ್ಕದಲ್ಲಿ 40 ಎಂಬುದು 8ಕ್ಕಿಂತ ಹೊಸದು, 44 ಎಂಬುದು 40ಕ್ಕಿಂತ ಹೊಸದು, ತಿರುಗಿ 8 ಎಂಬುದು 44ಕ್ಕಿಂತ ಹೊಸದು! ಮೂರೂ ಒಂದನ್ನೊಂದು ಓಡಿಸುತ್ತ, ಸಾಯದೆ, ಇಡೀ ನೆಟ್‌ವರ್ಕನ್ನು ತುಂಬಿಕೊಂಡವು. ಆ ಸುದ್ದಿಗಳಿಗೆ ವಯಸ್ಸಾಗುವ ಸರಿಯಾದ ವ್ಯವಸ್ಥೆ ಇರಲಿಲ್ಲ. ಈ ಮಾತನ್ನು ನೆನಪಿಡಿ. ಇರುವೆಗಳ ಹತ್ತಿರ ಹೋದಾಗ ಮತ್ತೆ ಇದಕ್ಕೆ ಬರುತ್ತೇನೆ.

ಈಗ ಏಜೆಂಟುಗಳ ಸರದಿ. 1990ರ ದಶಕದಲ್ಲಿ ಒಂದು ಕನಸು ಬಹಳ ಜೋರಾಗಿತ್ತು. ಪ್ರೋಗ್ರಾಮು ಒಂದೇ ಯಂತ್ರದಲ್ಲಿ ಯಾಕೆ ಕೂರಬೇಕು? ಅದು ಗಂಟುಮೂಟೆ ಕಟ್ಟಿಕೊಂಡು ಯಂತ್ರದಿಂದ ಯಂತ್ರಕ್ಕೆ ಹೋಗಲಿ, ಅಲ್ಲಿ ಕೆಲಸ ಮುಗಿಸಿ ಮುಂದೆ ನಡೆಯಲಿ ಎಂಬ ಕನಸು. ಜನರಲ್ ಮ್ಯಾಜಿಕ್ ಎಂಬ ಕಂಪನಿ ಟೆಲಿಸ್ಕ್ರಿಪ್ಟ್ ಎಂಬ ಭಾಷೆಯನ್ನೇ ಇದಕ್ಕಾಗಿ ಕಟ್ಟಿತು. ಅದರಲ್ಲಿ "ಗೋ" ಎಂಬ ಆಜ್ಞೆ ಕೊಟ್ಟರೆ ಸಾಕು, ಏಜೆಂಟು ಇದ್ದಲ್ಲಿಂದ ಎದ್ದು ಹೊರಡುತ್ತಿತ್ತು. ಐಬಿಎಂನ ಟೋಕಿಯೊ ಪ್ರಯೋಗಾಲಯ ಜಾವಾದಲ್ಲಿ ಆಗ್ಲೆಟ್ಸ್ ಎಂಬುದನ್ನು ಮಾಡಿತು. ನಾನೂ ವಿದ್ಯಾರ್ಥಿಯಾಗಿ ಅದನ್ನು ಓಡಿಸಿ ನೋಡಿದ್ದೇನೆ. ಪಕ್ಕದ ಕಂಪ್ಯೂಟರಿನ ಪರದೆಯಲ್ಲಿ ನನ್ನ ಪುಟ್ಟ ಕಿಟಕಿ ತಾನಾಗಿ ಮೂಡಿದಾಗ ಆದ ಸಂತೋಷ ಇನ್ನೂ ನೆನಪಿದೆ.

ದಾರಿ ಹುಡುಕುವ ಕೆಲಸಕ್ಕೆ ಈ ಏಜೆಂಟುಗಳನ್ನು ಮೊದಮೊದಲು ತಂದವರಲ್ಲಿ ಬ್ರಿಟಿಷ್ ಟೆಲಿಕಾಂನ ಆಪಲ್‌ಬಿ ಮತ್ತು ಸ್ಟೀವರ್ಡ್ ಇದ್ದಾರೆ. 1994ರಲ್ಲಿ ಅವರು ಬರೆದದ್ದು ಟೆಲಿಫೋನ್ ಜಾಲದ ಬಗ್ಗೆ. ಅವರ ಏಜೆಂಟುಗಳು ಎರಡು ಜಾತಿಯವು. ಒಂದು ಜಾತಿ ಊರೂರು ತಿರುಗಿ ಯಾವ ಎಕ್ಸ್‌ಚೇಂಜಿನ ಮೇಲೆ ಭಾರ ಬಿದ್ದಿದೆ ಎಂದು ನೋಡುತ್ತದೆ. ಭಾರ ಕಂಡಲ್ಲಿ ಇನ್ನೊಂದು ಜಾತಿಯನ್ನು ಬಿಡುತ್ತದೆ, ಅವು ಅಲ್ಲಿನ ದಾರಿಗಳನ್ನು ತಿದ್ದುತ್ತವೆ. ಒಟ್ಟು ಜಾಲವನ್ನು ನೋಡುವ ಯಜಮಾನ ಯಾರೂ ಇಲ್ಲ. ಏಜೆಂಟುಗಳು ತಮ್ಮತಮ್ಮಲ್ಲಿ ನೇರವಾಗಿ ಮಾತಾಡುವುದೂ ಇಲ್ಲ. ಹೋದ ಕಡೆ ಗುರುತು ಬಿಟ್ಟು ಹೋಗುತ್ತವೆ, ಹಿಂದೆ ಬಂದವು ಓದಿಕೊಳ್ಳುತ್ತವೆ.

ಗುರುತು ಬಿಟ್ಟು ಮಾತಾಡುವ ಈ ರೀತಿಗೆ ಫ್ರಾನ್ಸಿನ ಜೀವವಿಜ್ಞಾನಿ ಪಿಯರ್ ಪಾಲ್ ಗ್ರಾಸೆ 1959ರಲ್ಲೇ ಸ್ಟಿಗ್‌ಮರ್ಜಿ ಎಂದು ಹೆಸರಿಟ್ಟಿದ್ದರು. ಅವರು ನೋಡಿದ್ದು ಗೆದ್ದಲುಗಳನ್ನು. ನಮ್ಮ ಹೊಲದಂಚಿನ ಹುತ್ತವನ್ನು ನೋಡಿ. ಅದಕ್ಕೆ ಮೇಸ್ತ್ರಿ ಇಲ್ಲ, ನಕ್ಷೆ ಇಲ್ಲ. ಒಂದು ಗೆದ್ದಲು ಇಟ್ಟ ಮಣ್ಣಿನ ಉಂಡೆ ಇನ್ನೊಂದಕ್ಕೆ "ಇಲ್ಲೇ ಇಡು" ಎಂದು ಹೇಳುತ್ತದೆ. ಆ ಒದ್ದೆ ಪಂಚೆಯೂ ಅದೇ ಜಾತಿಯ ಮಾತು.

ಇರುವೆಗಳ ಮೇಲಿನ ಪ್ರಸಿದ್ಧ ಪ್ರಯೋಗ ಬ್ರಸೆಲ್ಸಿನ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಕೊನೆಗೆ ನಡೆಯಿತು. ಜಾನ್ ಲೂಯಿ ದೆನೂಬೂರ್ ಮತ್ತು ಸಂಗಡಿಗರು ಅರ್ಜೆಂಟೀನಾ ಇರುವೆಗಳ ಗೂಡಿಗೂ ಆಹಾರಕ್ಕೂ ನಡುವೆ ಎರಡು ಸೇತುವೆ ಇಟ್ಟರು, ಒಂದು ಇನ್ನೊಂದರ ಎರಡರಷ್ಟು ಉದ್ದ. ಮೊದಲು ಇರುವೆಗಳು ಎರಡರ ಮೇಲೂ ಹೋದವು. ನಡೆಯುವಾಗ ಪ್ರತಿ ಇರುವೆಯೂ ನೆಲದ ಮೇಲೆ ಫೆರೊಮೋನ್ ಎಂಬ ವಾಸನೆ ಬಿಡುತ್ತದೆ. ಗಿಡ್ಡ ಸೇತುವೆಯಲ್ಲಿ ಹೋದವು ಬೇಗ ಹಿಂದಿರುಗಿದವು, ಅಲ್ಲಿ ವಾಸನೆ ಬೇಗ ದಟ್ಟವಾಯಿತು, ಅದನ್ನು ಹಿಡಿದು ಇನ್ನಷ್ಟು ಇರುವೆಗಳು ಹೋದವು. ಸ್ವಲ್ಪ ಹೊತ್ತಿನಲ್ಲಿ ಬಹುಪಾಲು ಸಾಲು ಗಿಡ್ಡ ಸೇತುವೆಗೆ ಬಂತು. ಯಾವ ಇರುವೆಯೂ ಎರಡು ಸೇತುವೆಗಳನ್ನು ಅಳೆದು ಹೋಲಿಸಲಿಲ್ಲ.

ಇಷ್ಟು ಕತೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅದರ ಮುಂದಿನ ಭಾಗ. ಮೊದಲು ಉದ್ದದ ಸೇತುವೆಯನ್ನು ಮಾತ್ರ ಇಟ್ಟು, 30 ನಿಮಿಷ ಕಳೆದ ಮೇಲೆ ಗಿಡ್ಡದ್ದನ್ನು ಸೇರಿಸಿದರೆ? ಇರುವೆಗಳು ಹಳೆಯ ಉದ್ದದ ದಾರಿಗೇ ಅಂಟಿಕೊಂಡವು. ಅಲ್ಲಿನ ವಾಸನೆ ಅಷ್ಟು ದಟ್ಟವಾಗಿತ್ತು, ಆರುವುದು ಅಷ್ಟು ನಿಧಾನವಾಗಿತ್ತು. ಇರುವೆಯನ್ನು ಕಣ್ಣುಮುಚ್ಚಿ ಅನುಕರಿಸಿದರೆ ಕೆಲಸ ಕೆಡುತ್ತದೆ ಎಂಬುದು ಎಂಜಿನಿಯರುಗಳಿಗೆ ಇಲ್ಲಿ ಗೊತ್ತಾಯಿತು. ಗುರುತು ಬಿಡುವುದನ್ನು ಕಲಿತ ಹಾಗೆಯೇ ಗುರುತು ಅಳಿಸುವುದನ್ನೂ ಕಲಿಯಬೇಕು. 1980ರ ಆ ಮೂರು ಸಂಖ್ಯೆಗಳ ಕತೆಗೂ ಇದಕ್ಕೂ ಇರುವ ನಂಟು ನಿಮಗೆ ಕಾಣುತ್ತಿರಬಹುದು.

1996ರ ಹೊತ್ತಿಗೆ ಬ್ರಿಸ್ಟಲ್ಲಿನ ಎಚ್‌ಪಿ ಪ್ರಯೋಗಾಲಯದಲ್ಲಿ ಸ್ಕೂಂಡರ್‌ವೂರ್ಟ್, ಹಾಲೆಂಡ್, ಬ್ರೂಟನ್ ಮತ್ತು ರಾತ್‌ಕ್ರಾಂಟ್ಸ್ ಎಂಬ ನಾಲ್ವರು ಈ ಇರುವೆಗಳನ್ನು ಟೆಲಿಫೋನ್ ಜಾಲಕ್ಕೆ ಇಳಿಸಿದರು, ಸಿಮ್ಯುಲೇಶನ್ನಿನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ಕಟ್ಟಿದ ಅಣಕು ಜಾಲದಲ್ಲಿ. ಬ್ರಿಟಿಷ್ ಟೆಲಿಕಾಂನ 30 ನೋಡುಗಳ (ನೋಡು ಅಂದರೆ ಲೈನುಗಳು ಬಂದು ಕೂಡುವ ಕವಲಿನ ಜಾಗ) ಜಾಲ ಅವರ ಮಾದರಿ. ಅವರ ಇರುವೆ, ಅಂದರೆ ಜಾಲದಲ್ಲಿ ಓಡಾಡುವ ಪುಟ್ಟ ಏಜೆಂಟು, ಬಹಳ ಸರಳ. ಒಂದು ನೋಡಿನಿಂದ ಹೊರಟು ಇನ್ನೊಂದಕ್ಕೆ ಹೋಗುತ್ತದೆ, ದಾರಿಯಲ್ಲಿ ವಯಸ್ಸಾಗುತ್ತದೆ. ಭಾರ ಹೆಚ್ಚಿರುವ ನೋಡಿನಲ್ಲಿ ಬೇಕೆಂದೇ ಅದನ್ನು ತಡೆದು ನಿಲ್ಲಿಸುತ್ತಾರೆ, ವಯಸ್ಸು ಇನ್ನಷ್ಟು ಏರುತ್ತದೆ. ಮೈಸೂರಿನಿಂದ ಹೊರಟ ಇರುವೆ ಮಂಡ್ಯದ ದಾರಿಯಿಂದ ನನ್ನ ಹತ್ತಿರ ಬಂತು ಎಂದುಕೊಳ್ಳಿ. ಅದು ಎಳೆಯದಾಗಿದ್ದರೆ, ಮೈಸೂರಿಗೆ ಹೋಗುವವರಿಗೆ ಮಂಡ್ಯದ ದಾರಿ ಒಳ್ಳೆಯದು ಎಂದು ನನ್ನ ಟೇಬಲ್ಲಿನಲ್ಲಿ ಗುರುತು ಹೆಚ್ಚಿಸುತ್ತೇನೆ. ಮುದುಕಾಗಿ ಬಂದರೆ ಗುರುತು ಸ್ವಲ್ಪವೇ ಹೆಚ್ಚುತ್ತದೆ. ಅಪ್ಪ ಎದುರಿಗೆ ಬಂದವರನ್ನು ಕೇಳುತ್ತಿದ್ದ ರೀತಿ ಅಕ್ಷರಶಃ ಇದು. ಜೊತೆಗೆ ಕೆಲವು ಇರುವೆಗಳು ಟೇಬಲ್ಲನ್ನು ನೋಡದೆ ಮನಸ್ಸಿಗೆ ಬಂದ ಕಡೆ ಹೋಗಬೇಕೆಂದು ನಿಯಮ ಮಾಡಿದರು. ಇಲ್ಲದಿದ್ದರೆ ಹೊಸದಾಗಿ ತೆರೆದ ದಾರಿ ಯಾರಿಗೂ ಕಾಣುವುದಿಲ್ಲ.

ಇದರಲ್ಲಿ ಒಂದು ಕೊರತೆ ಇದೆ. ಎದುರಿಗೆ ಬಂದವರ ಮಾತು ನಂಬಬೇಕಾದರೆ, ಬರುವ ದಾರಿಯೂ ಹೋಗುವ ದಾರಿಯೂ ಒಂದೇ ಸ್ಥಿತಿಯಲ್ಲಿರಬೇಕು. ಹಳ್ಳಕ್ಕೆ ಅದು ಸರಿ, ಟೆಲಿಫೋನಿಗೂ ಬಹುಮಟ್ಟಿಗೆ ಸರಿ. ಡೇಟಾ ಜಾಲದಲ್ಲಿ ಸರಿಯಲ್ಲ. ಸಂಜೆ ಬೆಂಗಳೂರಿನ ರಸ್ತೆ ನೋಡಿ: ಒಂದು ಬದಿ ಗಾಡಿಗಳು ಅಂಟಿಕೊಂಡು ನಿಂತಿರುತ್ತವೆ, ಇನ್ನೊಂದು ಬದಿ ಖಾಲಿ. ಖಾಲಿ ಬದಿಯಲ್ಲಿ ಬಂದವನು "ರಸ್ತೆ ಆರಾಮಾಗಿದೆ" ಎಂದರೆ ನನಗೆ ಏನು ಪ್ರಯೋಜನ?

ಇದಕ್ಕೆ ಉತ್ತರವಾಗಿ ಬಂದದ್ದು ಆಂಟ್‌ನೆಟ್. ಬ್ರಸೆಲ್ಸಿನಲ್ಲಿ ಜಾನಿ ಡಿ ಕಾರೊ ಮತ್ತು ಮಾರ್ಕೊ ಡೊರಿಗೊ 1997ರಲ್ಲಿ ಅದನ್ನು ರೂಪಿಸಿ, 1998ರಲ್ಲಿ ವಿವರವಾಗಿ ಪ್ರಕಟಿಸಿದರು. ಡೊರಿಗೊ 1992ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲೇ ಇರುವೆಗಳ ರೀತಿಯಿಂದ ಬೇರೆ ಲೆಕ್ಕಗಳನ್ನು ಬಿಡಿಸಿದ್ದರು. ಆಂಟ್‌ನೆಟ್ ನನಗೆ ಈ ಇಡೀ ಕ್ಷೇತ್ರದಲ್ಲಿ ಅತ್ಯಂತ ಪ್ರಿಯವಾದ ಕೆಲಸ. ಸ್ವಲ್ಪ ಸಮಯ ತೆಗೆದುಕೊಂಡು ಹೇಳುತ್ತೇನೆ.

ಪ್ರತಿ ನೋಡೂ ಆಗಾಗ, ಅವರ ಪ್ರಯೋಗಗಳಲ್ಲಿ 0.3 ಸೆಕೆಂಡಿಗೊಮ್ಮೆ, ಒಂದು ಮುಂದಿರುವೆಯನ್ನು (ಮುಂದಕ್ಕೆ ಹೋಗುವ ಇರುವೆಯನ್ನು) ಹೊರಡಿಸುತ್ತದೆ. ಯಾವ ಊರಿಗೆ? ಯಾವ ಊರಿಗೆ ಹೆಚ್ಚು ಪ್ಯಾಕೆಟ್ಟುಗಳು ಹೋಗುತ್ತಿವೆಯೋ ಅಲ್ಲಿಗೆ ಹೆಚ್ಚು ಇರುವೆಗಳು. ಮುಂದಿರುವೆ ಮಾಮೂಲಿ ಪ್ಯಾಕೆಟ್ಟುಗಳ ಜೊತೆ, ಅದೇ ಕ್ಯೂನಲ್ಲಿ ನಿಂತು ಹೋಗುತ್ತದೆ. ಇಡೀ ಉಪಾಯದ ಜೀವ ಇರುವುದು ಇಲ್ಲಿ. ಸೈರನ್ ಹಾಕಿದ ಗಾಡಿಯಲ್ಲಿ ಹೋದವನಿಗೆ ಟ್ರಾಫಿಕ್ ಹೇಗಿದೆ ಎಂದು ಗೊತ್ತಾಗುವುದಿಲ್ಲ, ಸಿಟಿ ಬಸ್ಸಿನಲ್ಲಿ ನಿಂತು ಹೋದವನಿಗೆ ಗೊತ್ತಾಗುತ್ತದೆ. ಮುಂದಿರುವೆ ತಾನು ಹೊಕ್ಕ ಪ್ರತಿ ನೋಡಿನ ಹೆಸರನ್ನೂ ಅಲ್ಲಿಗೆ ತಲುಪಿದ ಹೊತ್ತನ್ನೂ ತನ್ನ ಬುತ್ತಿಗಂಟಿಗೆ ಸೇರಿಸಿಕೊಳ್ಳುತ್ತದೆ. ಸುತ್ತಿ ಸುತ್ತಿ ಮೊದಲಿದ್ದ ನೋಡಿಗೇ ಬಂದರೆ, ಆ ಸುತ್ತನ್ನು ಗಂಟಿನಿಂದ ತೆಗೆದುಹಾಕುತ್ತದೆ.

ಊರು ಮುಟ್ಟಿದ ಮೇಲೆ ಮುಂದಿರುವೆಯ ಆಯಸ್ಸು ಮುಗಿಯುತ್ತದೆ. ಸಾಯುವ ಮೊದಲು ತನ್ನ ಗಂಟನ್ನು ಒಂದು ಹಿಂದಿರುವೆಗೆ (ಹಿಂದಕ್ಕೆ ಬರುವ ಇರುವೆಗೆ) ಕೊಡುತ್ತದೆ. ಹಿಂದಿರುವೆ ಅದೇ ದಾರಿಯಲ್ಲಿ ತಿರುಗಿ ಬರುತ್ತದೆ, ಈ ಸಲ ಕ್ಯೂನಲ್ಲಿ ನಿಲ್ಲದೆ, ಆದ್ಯತೆಯ ಸಾಲಿನಲ್ಲಿ. ಸುದ್ದಿ ಬಿಸಿಯಿರುವಾಗಲೇ ಮುಟ್ಟಬೇಕಲ್ಲ. ದಾರಿಯ ಪ್ರತಿ ನೋಡಿನಲ್ಲೂ "ಇಲ್ಲಿಂದ ಆ ಊರಿಗೆ ಹೋಗಲು ಇಷ್ಟು ಹೊತ್ತು ಹಿಡಿಯಿತು" ಎಂದು ಹೇಳಿ ಟೇಬಲ್ ತಿದ್ದುತ್ತದೆ. ಬೆಂಗಳೂರಿನ ಸಂಜೆಯ ರಸ್ತೆಯ ಸಮಸ್ಯೆ ಇಲ್ಲಿ ಬಗೆಹರಿಯಿತು: ಅಳೆದದ್ದು ಹೋಗುವ ಬದಿಯನ್ನು, ಸುದ್ದಿ ತಂದದ್ದು ಬರುವ ಬದಿಯಲ್ಲಿ.

ತಿದ್ದುವುದು ಹೇಗೆ ಎಂಬುದನ್ನು ಸಂಖ್ಯೆಯಲ್ಲಿ ನೋಡೋಣ. ಒಂದು ಊರಿಗೆ ನನ್ನಿಂದ ಮೂರು ಕವಲು, ಅವುಗಳ ಪಾಲು, ಅಂದರೆ ಪ್ಯಾಕೆಟ್ ಆ ಕವಲು ಹಿಡಿಯುವ ಸಾಧ್ಯತೆ, 0.5, 0.3, 0.2. ಎರಡನೇ ಕವಲಿನಿಂದ ಒಂದು ಹಿಂದಿರುವೆ ಒಳ್ಳೆಯ ಸುದ್ದಿ ತಂದಿತು, ಅದಕ್ಕೆ 0.2ರಷ್ಟು ಮೆಚ್ಚುಗೆ ಕೊಡುತ್ತೇನೆ. 0.3ಕ್ಕೆ 1 ತಲುಪಲು ಇನ್ನೂ 0.7 ಬಾಕಿ. ಆ ಬಾಕಿಯ 0.2ರಷ್ಟು, ಅಂದರೆ 0.14 ಸೇರಿಸಿದರೆ 0.44 ಆಯಿತು. ಉಳಿದ ಎರಡೂ ತಮ್ಮ ಪಾಲಿನ 0.2ರಷ್ಟನ್ನು ಕಳೆದುಕೊಂಡು 0.40 ಮತ್ತು 0.16 ಆಗುತ್ತವೆ. ಕೂಡಿಸಿ ನೋಡಿ, ಮತ್ತೆ ಸರಿಯಾಗಿ 1. ಒಬ್ಬರ ಮೇಲಿನ ಮೆಚ್ಚುಗೆಯೇ ಉಳಿದವರ ಗುರುತನ್ನು ಮಾಸಿಸುತ್ತದೆ. ಯಾವ ಪಾಲೂ ಒಂದೇ ಏಟಿಗೆ ಸೊನ್ನೆಯಾಗುವುದಿಲ್ಲ. ನನ್ನ ಆ ರಾತ್ರಿಯ ಹಾಗೆ ಎಲ್ಲ ಭಾರವೂ ಒಮ್ಮೆಲೇ ಹಾರುವುದಿಲ್ಲ.

ಸುದ್ದಿ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವುದು ಹೇಗೆ? 200 ಮಿಲಿಸೆಕೆಂಡ್ ಅಮೆರಿಕಕ್ಕೆ ಹೋಗಲು ಚೆನ್ನಾಗಿದೆ, ಪಕ್ಕದ ಕಟ್ಟಡಕ್ಕೆ ಹೋಗಲು ಅನ್ಯಾಯ. ಅದಕ್ಕೆ ಪ್ರತಿ ನೋಡೂ ಪ್ರತಿ ಊರಿಗೂ ಒಂದು ಸಣ್ಣ ದಾಖಲೆ ಇಟ್ಟುಕೊಳ್ಳುತ್ತದೆ: ಇತ್ತೀಚೆಗೆ ಸರಾಸರಿ ಎಷ್ಟು ಹೊತ್ತು ಹಿಡಿದಿದೆ, ಎಷ್ಟು ಏರಿಳಿತ, ಅತಿ ಬೇಗ ಹೋದದ್ದು ಎಷ್ಟು. ಮೆಚ್ಚುಗೆ ಆ ದಾಖಲೆಗೆ ಹೋಲಿಸಿ ಬರುತ್ತದೆ. ನಮ್ಮಜ್ಜಿ ಬಸ್ಸು ತಡವಾಯಿತೋ ಇಲ್ಲವೋ ಎಂದು ಗಡಿಯಾರ ನೋಡದೆ ಹೇಳುತ್ತಿದ್ದರು, ದಿನಾ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಅವರ ಮೈಗೇ ಗೊತ್ತಿತ್ತು.

ಅಮೆರಿಕದ ಎನ್‌ಎಸ್‌ಎಫ್‌ನೆಟ್‌ನ 14 ನೋಡುಗಳ ಮಾದರಿ, ಜಪಾನಿನ ಎನ್‌ಟಿಟಿ ಕಂಪನಿಯ 57 ನೋಡುಗಳ ಮಾದರಿ, ಇವುಗಳ ಮೇಲೆ ಸಿಮ್ಯುಲೇಶನ್ನಿನಲ್ಲಿ ಪರೀಕ್ಷೆ ಮಾಡಿದರು. ಭಾರ ಕಡಿಮೆ ಇದ್ದಾಗ ಉಳಿದ ಪದ್ಧತಿಗಳಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಜಾಲ ತುಂಬುವ ಹಂತಕ್ಕೆ ಬಂದಾಗ, ಇದ್ದಕ್ಕಿದ್ದಂತೆ ಒಂದು ಕಡೆ ಭಾರ ಬಿದ್ದಾಗ, ಇರುವೆಗಳು ಓಎಸ್‌ಪಿಎಫ್‌ಗಿಂತ ಸ್ಪಷ್ಟವಾಗಿ ಮುಂದಿದ್ದವು.

ಈ ಓಟದಲ್ಲಿ ನಮ್ಮವರೂ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವೆಂಕಟರಾಮ್ ಮತ್ತು ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಸುನಿಲ್‌ಕುಮಾರ್ ಮಾನ್ವಿ ಸಂವಹನ ಜಾಲಗಳಲ್ಲಿ ಏಜೆಂಟುಗಳ ಬಳಕೆಯನ್ನು ಕುರಿತು ಬರೆದ ಸಮೀಕ್ಷೆ 2004ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂತು. ಆ ವಿಷಯಕ್ಕೆ ಇಳಿಯುವವರಿಗೆ ಈಗಲೂ ಒಳ್ಳೆಯ ಮೆಟ್ಟಿಲು. ಬಾಗಲಕೋಟೆಯಲ್ಲಿ ಕೂತು ಮಾಡಬಹುದಾದ ಕೆಲಸ ಇದು ಎಂಬುದನ್ನು ಇಲ್ಲಿರುವ ವಿದ್ಯಾರ್ಥಿಗಳು ಗಮನಿಸಬೇಕು.

ಇಷ್ಟೆಲ್ಲ ಆದಮೇಲೆ ನಿಮ್ಮ ಮನೆಯ ರೂಟರಿನಲ್ಲಿ ಇರುವೆ ಯಾಕಿಲ್ಲ?

ಮೊದಲನೆಯ ಕಾರಣ ಭಯ, ಮತ್ತು ಆ ಭಯ ನ್ಯಾಯವಾದದ್ದು. ಹೊರಗಿನಿಂದ ಬಂದ ಪ್ರೋಗ್ರಾಮನ್ನು ನನ್ನ ರೂಟರಿನಲ್ಲಿ ಓಡಲು ಬಿಡಬೇಕು ಎಂದರೆ, ಬಂದದ್ದು ಯಾರು ಎಂದು ಹೇಗೆ ತಿಳಿಯಲಿ? ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರುತ್ತದೆ ಎಂಬುದು ನಮ್ಮ ಜನರಿಗೆ ಹೇಳಿಕೊಡಬೇಕಾದ ಮಾತಲ್ಲ. 1988ರ ನವೆಂಬರ್ 2ರಂದು ಮಾರಿಸ್ ವರ್ಮ್ ಎಂಬ ಪ್ರೋಗ್ರಾಮು ತಾನೇ ಯಂತ್ರದಿಂದ ಯಂತ್ರಕ್ಕೆ ಹರಡಿ ಸಾವಿರಾರು ಕಂಪ್ಯೂಟರುಗಳನ್ನು ಮಲಗಿಸಿತ್ತು. ಅದೂ ಒಂದು ಅರ್ಥದಲ್ಲಿ ಓಡಾಡುವ ಏಜೆಂಟೇ. ತಿರುಗುಮುರುಗಾಗಿಯೂ ಯೋಚಿಸಿ: ಹೋದ ಕಡೆಯ ಯಂತ್ರವೇ ಕೆಟ್ಟದ್ದಾಗಿದ್ದರೆ ಏಜೆಂಟನ್ನು ಕಾಯುವವರು ಯಾರು? ಅದರ ಗಂಟನ್ನು ಬಿಚ್ಚಿ ಸುಳ್ಳು ತುಂಬಿದರೆ? ಈ ಪ್ರಶ್ನೆಗೆ ಪೂರ್ತಿ ಸಮಾಧಾನದ ಉತ್ತರ ಸಿಗಲಿಲ್ಲ.

ಎರಡನೆಯದು ಟಿಸಿಪಿ, ಅಂದರೆ ಪ್ಯಾಕೆಟ್ಟುಗಳು ಕಳೆಯದೆ, ಕ್ರಮವಾಗಿ ಮುಟ್ಟುವಂತೆ ಎರಡು ತುದಿಗಳಲ್ಲಿ ನೋಡಿಕೊಳ್ಳುವ ಪ್ರೋಟೋಕಾಲ್. ಇರುವೆಯ ಪದ್ಧತಿಯಲ್ಲಿ ಒಂದೇ ಫೋಟೊದ ಪ್ಯಾಕೆಟ್ಟುಗಳು ಪಾಲಿಗೆ ತಕ್ಕಂತೆ ಬೇರೆ ಬೇರೆ ದಾರಿ ಹಿಡಿಯುತ್ತವೆ, ಹಿಂದೆ ಹೊರಟದ್ದು ಮುಂದೆ ಬರುತ್ತದೆ. ಕ್ರಮ ತಪ್ಪಿ ಬಂದದ್ದನ್ನು ಟಿಸಿಪಿ ಪ್ಯಾಕೆಟ್ ಕಳೆದುಹೋಯಿತು ಎಂದು ತಿಳಿದು ವೇಗ ಇಳಿಸುತ್ತದೆ. ದಾರಿ ಚೆನ್ನಾಗಿದ್ದೂ ಕೆಲಸ ನಿಧಾನ. ಜೊತೆಗೆ ನನ್ನಂಥ ಎಂಜಿನಿಯರನ ಕಷ್ಟ ಬೇರೆ. ರಾತ್ರಿ ಗ್ರಾಹಕರು ಫೋನ್ ಮಾಡಿ "ನಮ್ಮ ಡೇಟಾ ಯಾವ ದಾರಿಯಲ್ಲಿ ಹೋಗುತ್ತಿದೆ" ಎಂದು ಕೇಳಿದರೆ, ನೂರರಲ್ಲಿ 44 ಪಾಲು ಹೀಗೆ, 40 ಪಾಲು ಹಾಗೆ ಎಂದು ಉತ್ತರ ಕೊಡಬೇಕಾಗುತ್ತದೆ.

ಹೀಗಾಗಿ ಓಡಾಡುವ ಪ್ರೋಗ್ರಾಮಿನ ಕನಸು ರೂಟರುಗಳ ಲೋಕದಲ್ಲಿ ಸೋತಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಆಂಟ್‌ನೆಟ್‌ನ ಇರುವೆಯನ್ನು ಮತ್ತೊಮ್ಮೆ ನೋಡಿ. ಅದು ಹೊತ್ತು ತಿರುಗುವುದು ಪ್ರೋಗ್ರಾಮನ್ನಲ್ಲ. ನಿಯಮ ಪ್ರತಿ ನೋಡಿನಲ್ಲೂ ಮೊದಲೇ ಇದೆ. ಇರುವೆ ಹೊತ್ತದ್ದು ಬುತ್ತಿಗಂಟು ಮಾತ್ರ, ದಾರಿಯ ಅನುಭವ ಮಾತ್ರ. ಆ ಗಂಟು ಇವತ್ತು ಬೇರೆ ಹೆಸರಿನಲ್ಲಿ ದೊಡ್ಡ ದೊಡ್ಡ ಜಾಲಗಳಲ್ಲಿ ಓಡಾಡುತ್ತಿದೆ ಎಂಬುದು ನನ್ನ ನಂಬಿಕೆ.

2014ರಲ್ಲಿ ನೆಟ್‌ವರ್ಕ್ ಯಂತ್ರಗಳನ್ನು ಮಾಡುವ ಸಿಸ್ಕೊ ಕಂಪನಿಯವರು ಡೇಟಾ ಸೆಂಟರುಗಳಿಗಾಗಿ ಪ್ರಕಟಿಸಿದ ಕೊಂಗಾ ಎಂಬ ಪದ್ಧತಿಯಲ್ಲಿ, ಹೋಗುವ ಪ್ಯಾಕೆಟ್ಟಿನ ತಲೆಬರಹದಲ್ಲೇ ದಾರಿ ಎಷ್ಟು ತುಂಬಿದೆ ಎಂಬುದು ಕೆಲವೇ ಬಿಟ್‌ಗಳಲ್ಲಿ ದಾಖಲಾಗುತ್ತದೆ. ಆ ಕಡೆಯ ಸ್ವಿಚ್ಚು (ಡೇಟಾ ಸೆಂಟರಿನೊಳಗೆ ಪ್ಯಾಕೆಟ್ ದಾಟಿಸುವ ಯಂತ್ರ) ಅದನ್ನು ತಿರುಗಿ ಬರುವ ಪ್ಯಾಕೆಟ್ಟುಗಳ ಮೇಲೆ ಹೊರಿಸಿ ಕಳಿಸುತ್ತದೆ. ಮುಂದಿರುವೆ, ಹಿಂದಿರುವೆ! ಟಿಸಿಪಿಯ ಕಷ್ಟಕ್ಕೂ ಅಲ್ಲಿ ಪರಿಹಾರ ಇದೆ. ಪ್ಯಾಕೆಟ್ಟುಗಳ ಪ್ರವಾಹದಲ್ಲಿ ಸಣ್ಣ ಬಿಡುವು ಬಿದ್ದಾಗ ಮಾತ್ರ ದಾರಿ ಬದಲಿಸುತ್ತಾರೆ, ಕ್ರಮ ಕೆಡುವುದಿಲ್ಲ. 2016ರ ಹುಲಾ ಎಂಬ ಪದ್ಧತಿ ಸಣ್ಣ ಶೋಧ ಪ್ಯಾಕೆಟ್ಟುಗಳನ್ನೇ ಮತ್ತೆ ಮತ್ತೆ ಬಿಟ್ಟು ಪ್ರತಿ ಸ್ವಿಚ್ಚಿನ ಟೇಬಲ್ ತಿದ್ದುತ್ತದೆ. 2022ರಲ್ಲಿ ಬಂದ ಒಂದು ಇಂಟರ್‌ನೆಟ್ ಮಾನದಂಡದ ಪ್ರಕಾರ ಮಾಮೂಲಿ ಪ್ಯಾಕೆಟ್ಟೇ ದಾರಿಯುದ್ದಕ್ಕೂ ನೋಡಿನ ಗುರುತು ಮತ್ತು ಹೊತ್ತನ್ನು ತನ್ನೊಳಗೆ ಸೇರಿಸಿಕೊಳ್ಳುತ್ತ ಹೋಗಬಹುದು. ಇವರೆಲ್ಲ ಆಂಟ್‌ನೆಟ್ ಓದಿಯೇ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಒಂದೇ ಹಳ್ಳಕ್ಕೆ ಬಂದವರು ಒಂದೇ ಪ್ರಶ್ನೆ ಕೇಳುತ್ತಾರೆ.

ಉಪನ್ಯಾಸದ ನಂತರ ಒಬ್ಬ ವಿದ್ಯಾರ್ಥಿನಿ, "ಸರ್, 0.3 ಸೆಕೆಂಡಿಗೊಂದು ಇರುವೆ ಬಿಟ್ಟರೆ ಇರುವೆಗಳೇ ಜಾಮ್ ಮಾಡುವುದಿಲ್ಲವೇ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಡಿ ಕಾರೊ ಮತ್ತು ಡೊರಿಗೊ ಅದನ್ನೂ ಅಳೆದಿದ್ದರು. ಓಎಸ್‌ಪಿಎಫ್‌ಗಿಂತ ಹೆಚ್ಚು ಹಿಡಿಯಿತು ನಿಜ, ಆದರೂ ಜಾಲದ ಒಟ್ಟು ಸಾಮರ್ಥ್ಯದ ಸಾವಿರದಲ್ಲಿ ಕೆಲವೇ ಪಾಲು. ಇರುವೆಯ ಮೈ ಸಣ್ಣದು. ಆದರೆ ನೋಡುಗಳು ಸಾವಿರಾರು ಆದಾಗ ಪ್ರತಿ ಊರಿಗೂ ಪ್ರತಿ ಊರಿನಿಂದ ಇರುವೆ ಕಳಿಸುವುದು ಭಾರವೇ ಆಗುತ್ತದೆ. ಹಾಗಾಗಿ ಜಾಲವನ್ನು ಹೋಬಳಿಗಳಾಗಿ ಒಡೆದು ನೋಡಬೇಕಾಗುತ್ತದೆ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, "ಎದುರಿಗೆ ಯಾರೂ ಬರದೇ ಇದ್ದ ದಿನ ನಿಮ್ಮ ತಂದೆಯವರು ಎಂಥ ಮಾಡ್ತಿದ್ರು?" ಎಂದು ಕೇಳಿದರು.

ಕೋಲು ಹಿಡಿದು ತಾವೇ ಇಳಿದು ನೋಡುತ್ತಿದ್ದರು. ದಾಟಲು ಆಗದಿದ್ದರೆ ಕವಲಿನವರೆಗೆ ವಾಪಸ್ ಬಂದು, ಪಕ್ಕದ ಗಿಡದಿಂದ ಒಂದು ಸೊಪ್ಪಿನ ಕೊಂಬೆ ಮುರಿದು ಹಳ್ಳದ ದಾರಿಗೆ ಅಡ್ಡ ಇಟ್ಟು, ಆಮೇಲೆ ಸಂಕದ ಕಡೆಗೆ ಹೋಗುತ್ತಿದ್ದರು. ಹಿಂದೆ ಬಂದವರು ಸೊಪ್ಪನ್ನು ಮುಟ್ಟಿ ನೋಡುತ್ತಿದ್ದರು. ಹಸಿಯಾಗಿದ್ದರೆ ಅವರೂ ಸಂಕದ ದಾರಿ ಹಿಡಿಯುತ್ತಿದ್ದರು. ಬಾಡಿದ್ದರೆ ಕೊಂಬೆಯನ್ನು ಬದಿಗೆ ಎಸೆದು, ಹಳ್ಳ ಇಳಿದಿದೆಯೇ ಎಂದು ನೋಡಲು ಹೋಗುತ್ತಿದ್ದರು.